ಹೆಣ ಕೂಡಿಸುವ ಅಡಿವೆಪ್ಪ

ಬಹಳ ಹಿಂದೆ, ಸೀಮೆಯನ್ನು ಯಾರು ಆಳುತ್ತಿದ್ದರೆಂದು ಊರಿನವರಿಗೇ ಸರಿಯಾಗಿ ಗೊತ್ತಿರದ ಕಾಲದಲ್ಲಿ, ಎರೆಮಣ್ಣಿನ ನಾಡಿನ ಒಂದು ಊರಲ್ಲಿ, ಒಬ್ಬ ಹೆಣ್ಣುಮಗಳು ಬೆಳಗಿನ ಜಾವ ಎದ್ದು ರೊಟ್ಟಿ ಬಡಿದಳು. ಊರಿನ ಹೆಸರು ಮುದಿನಾಳ. ಅವಳ ಹೆಸರು ನಿಂಬೆವ್ವ. ಆಷಾಢ ಹಿಡಿದು ನಾಲ್ಕು ದಿನವಾಗಿತ್ತು. ಒಂದು ಮಳೆ ಜೋರಾಗಿ ಬಿದ್ದು ನಿಂತಿತ್ತು. ಅವಳ ಗಂಡ ಈರಸಂಗಪ್ಪ ಒಲೆಯ ಮುಂದೆ ಕೂತು ಪುಂಡಿಪಲ್ಯದ ಜೊತೆ ಎರಡು ರೊಟ್ಟಿ ಉಂಡ. ಮೂರನೆಯದನ್ನು ಮುರಿದು ಅರ್ಧ ಉಂಡ. ಕಣದ ಕಡೆ ಹೋಗಿ ಬರುತ್ತೇನೆ ಎಂದ. ಮಲಗಿದ್ದ ಎರಡು ವರ್ಷದ ಮಗಳ ಹೊದಿಕೆ ಸರಿಮಾಡಿ ಎದ್ದು ಹೋದ. ಇನ್ನೂ ಹೊತ್ತು ಹುಟ್ಟಿರಲಿಲ್ಲ. ಅವರದು ಊರಿನ ಕೊನೆಯ ಮನೆ. ಅದರಾಚೆ ಬರೀ ಹೊಲ. ಅವನು ಹೋದದ್ದನ್ನು ಯಾರೂ ನೋಡಲಿಲ್ಲ.

ಆ ದಿನದಲ್ಲಿ ಬೇರೆ ವಿಶೇಷವೇನೂ ಇರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಕೋಳಿ ಕೂಗಿದವು, ದನ ಹೊರಗೆ ಹೋದವು, ಬಾವಿಯ ಹತ್ತಿರ ಎಂದಿನ ಜಗಳವಾಯಿತು. ಸಂಜೆ ಹೊತ್ತು ಮುಳುಗಲು ಇನ್ನೂ ಮಾರುದ್ದ ಇರುವಾಗ ಈರಸಂಗಪ್ಪನ ಅಣ್ಣ ಮಲಕಾಜಪ್ಪನ ಚಕ್ಕಡಿ ಊರೊಳಗೆ ಬಂತು. ಅದರಲ್ಲಿ ಈರಸಂಗಪ್ಪನ ಹೆಣವಿತ್ತು. ಕಣದ ಬನ್ನಿಗಿಡದ ಬುಡದಲ್ಲಿ ಬಿದ್ದಿದ್ದ, ಈಗ ನೋಡಿದೆ, ಎತ್ತಿಕೊಂಡು ಬಂದೆ ಎಂದು ಮಲಕಾಜಪ್ಪ ಹೇಳಿದ. ಮೈಮೇಲೆ ಗಾಯವಿರಲಿಲ್ಲ. ಹಾವಿನ ಹಲ್ಲಿನ ಗುರುತೂ ಇರಲಿಲ್ಲ. ಅಣ್ಣನೇ ಮುಂದೆ ನಿಂತು ಹಂಡೆ ಒಲೆಗೆ ಏರಿಸಿದ. ಹೆಣಕ್ಕೆ ನೀರು ಹಾಕಿದರು, ವಿಭೂತಿ ಬಳಿದರು. ಆಮೇಲೆ ಅಡಿವೆಪ್ಪನನ್ನು ಕರೆಯಲು ಆಳು ಓಡಿತು.

ಅಡಿವೆಪ್ಪ ಯಾರೆಂದು ಹೇಳಬೇಕು.

ಆ ನಾಡಿನಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಕೂಡಿಸಿ ಮಾಡುತ್ತಾರೆ. ಮೊದಲು ಮನೆಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿ, ಕಾಲು ಮಡಚಿ, ಪೂಜೆಗೆ ಕೂತವರ ಹಾಗೆ ಕೂಡಿಸುತ್ತಾರೆ. ಕುಣಿಯಲ್ಲೂ ಹಾಗೆಯೇ ಕೂಡಿಸುತ್ತಾರೆ. ಆದರೆ ಸತ್ತ ಮೈ ಕಾಯುವುದಿಲ್ಲ. ಕೆಲವು ತಾಸಿನಲ್ಲಿ ಸೆಟೆಯುತ್ತದೆ. ಸೆಟೆದ ಕಾಲನ್ನು ಮುರಿಯದೆ, ಚರ್ಮ ಹರಿಯದೆ ಮಡಚಲು ಬಲ್ಲ ಕೈ ಬೇಕು. ಸುತ್ತಿನ ಹದಿನಾಲ್ಕು ಊರಿಗೆ ಆ ಕೈ ಇದ್ದದ್ದು ಅಡಿವೆಪ್ಪನಿಗೆ ಮಾತ್ರ. ಅವನ ತಾಯಿ ಸೂಲಗಿತ್ತಿ. ಮಡಚಿಕೊಂಡು ಹುಟ್ಟಿದ ಕಾಲುಗಳನ್ನು ಅವಳು ನೀವಿ ನೀವಿ ಉದ್ದ ಮಾಡುತ್ತಿದ್ದಳು. ಉದ್ದವಾಗಿ ಬಿದ್ದ ಕಾಲುಗಳನ್ನು ಮಗ ನೀವಿ ನೀವಿ ಮಡಚುತ್ತಿದ್ದ.

ಹಾಗೆ ನೀವುವಾಗ ಅವನಿಗೆ ಗೊತ್ತಾಗುತ್ತಿತ್ತು. ಮೊದಲು ಗದ್ದ ಮುಟ್ಟುತ್ತಿದ್ದ, ಆಮೇಲೆ ಕುತ್ತಿಗೆ, ಆಮೇಲೆ ಮೊಣಕೈ, ಬೆರಳು, ಕಡೆಗೆ ಮೊಣಕಾಲು. ಸೆಟೆತ ಗದ್ದದಿಂದ ಇಳಿಯುತ್ತದೆ, ಬಿಡುವಾಗಲೂ ಗದ್ದದಿಂದಲೇ ಬಿಡುತ್ತದೆ ಎಂದು ಅವನು ಹೇಳುತ್ತಿದ್ದ. ಎಲ್ಲಿಯವರೆಗೆ ಇಳಿದಿದೆ, ಎಲ್ಲಿಯವರೆಗೆ ಬಿಟ್ಟಿದೆ ಎಂದು ನೋಡಿ, ಈತ ಯಾವ ಹೊತ್ತಿಗೆ ಹೋದ ಎಂದು ಹೇಳಿಬಿಡುತ್ತಿದ್ದ. ಹದಿನಾಲ್ಕು ಊರಿನ ಗೌಡರೂ ಅವನ ಮಾತು ಕೇಳಿಯೇ ಕುಣಿ ಮುಚ್ಚಿಸುತ್ತಿದ್ದರು. ಮಣ್ಣು ಕೊಡಬಹುದೇನು ಎಂದು ಗೌಡ ಕೇಳಬೇಕು. ಕೊಡ್ರಿ ಎಂದು ಅಡಿವೆಪ್ಪ ಹೇಳಬೇಕು. ಅವನು ಸುಮ್ಮನಿದ್ದರೆ ಯಾರ ಮುಷ್ಟಿಯ ಮಣ್ಣೂ ಕೆಳಗೆ ಬೀಳುವಂತಿರಲಿಲ್ಲ.

ಬಾವಿಯಿಂದ ತೆಗೆದ ಒಬ್ಬನನ್ನು ಅವನು ಒಮ್ಮೆ ನೋಡಿದನಂತೆ. ಮಧ್ಯಾಹ್ನ ಕಾಲು ಜಾರಿ ಬಿದ್ದ ಎಂದು ಮನೆಯವರು ಅಳುತ್ತಿದ್ದರು. ಹೆಣದ ಒಂದು ಕೈ ಮಡಚಿ ತಲೆದಿಂಬಿನ ಹಾಗೆ ತಲೆಯ ಕೆಳಗೆ ಸೆಟೆದಿತ್ತು. ನೀರಿನಲ್ಲಿ ಸತ್ತವನು ಹಾಗೆ ಮಲಗುವುದಿಲ್ಲ ಎಂದು ಅಡಿವೆಪ್ಪ ಹೇಳಿದ. ಅದೇ ಸಂಜೆ ಆ ಮನೆಯ ಇಬ್ಬರು ಊರು ಬಿಟ್ಟರು ಎಂದು ಹೇಳುತ್ತಾರೆ. ಇನ್ನೊಂದು ಊರಿನಲ್ಲಿ ಒಬ್ಬ ಮುದುಕಿಯ ಗದ್ದ ಮುಟ್ಟಿ ಬಹಳ ಹೊತ್ತು ಕೂತು, ಈಕೆಗೆ ನೀರು ಹಾಕಬೇಡಿ, ಹಾಲು ಹಾಕಿ ಎಂದನಂತೆ. ಮುದುಕಿ ಕಣ್ಣು ತೆರೆದಳು. ಆಮೇಲೆ ಒಂಬತ್ತು ವರ್ಷ ಬದುಕಿ, "ನನ್ನ ಕೂಡಸಾಕ ಬಂದಾಂವ ತಾನ ಕೂತು ಉಂಡು ಹೋದ" ಎಂದು ಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು. ಅವನನ್ನು ಕಂಡರೆ ಹೆಣ ತಾನಾಗಿಯೇ ಕಾಲು ಮಡಚುತ್ತದೆ ಎಂದೂ ಹೇಳುತ್ತಿದ್ದರು. ಅದು ನಿಜವಲ್ಲ. ಜನ ಹಾಗೆ ಹೇಳುತ್ತಿದ್ದುದು ಮಾತ್ರ ನಿಜ.

ಅವನನ್ನು ಕಂಡರೆ ಎಲ್ಲರಿಗೂ ಅಂಜಿಕೆ. ಅವನ ಕೈಯಿಂದ ಯಾರೂ ಎಲೆ ಅಡಿಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವನು ಬೀದಿಯಲ್ಲಿ ಬಂದರೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಮುದುಕರು ಕಾಲು ಒಳಗೆಳೆದುಕೊಳ್ಳುತ್ತಿದ್ದರು. ಧೈರ್ಯ ಇದ್ದವನೊಬ್ಬ, "ನಂದಿನ್ನೂ ಮಡಚತಾವೋ ಅಡಿವೆಪ್ಪಾ, ನೀ ಮುಂದ ನಡಿ" ಎನ್ನುತ್ತಿದ್ದ. ಜನ ನಗುತ್ತಿದ್ದರು. ಅವನು ತಿರುವು ದಾಟಿ ಮರೆಯಾಗುವ ತನಕ ಆ ನಗು ಪೂರ್ತಿಯಾಗುತ್ತಿರಲಿಲ್ಲ. ಸಾವಾದ ಮನೆಯಲ್ಲಿ ಏನೂ ತಪ್ಪು ಮಾಡದವರೂ ಅವನು ಬರುವ ಮೊದಲು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ನಾವು ಎಷ್ಟು ಹೊತ್ತಿಗೆ ನೋಡಿದೆವು, ಎಷ್ಟು ಹೊತ್ತಿಗೆ ಕೂಗಿದೆವು ಎಂದು. ಅವನು ಬದುಕಿದವರನ್ನು ಏನೂ ಕೇಳುತ್ತಿರಲಿಲ್ಲ. ಬದುಕಿದವರಿಗೆ ನಾಲಿಗೆ ಇದೆ, ಅದು ಹೊರಳುತ್ತದೆ, ಸತ್ತವರ ಗದ್ದ ಹೊರಳುವುದಿಲ್ಲ ಎಂದು ಅವನ ನಂಬಿಕೆ. ಇದನ್ನು ನೆನಪಿಡಿ. ಅವನು ಏನನ್ನೂ ಕೇಳುತ್ತಿರಲಿಲ್ಲ.

ಮುದಿನಾಳಕ್ಕೆ ಅವನು ಬಂದಾಗ ದೀಪ ಹಚ್ಚುವ ಹೊತ್ತು. ಪಡಸಾಲೆ ತುಂಬ ಜನ. ನಿಂಬೆವ್ವ ಕಂಬದ ಹತ್ತಿರ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಯಾರೋ ಮುದುಕಿ, ನಿನ್ನ ಗಂಡ ಮನೆಯಿಂದ ಯಾವಾಗ ಹೋದ ಎಂದು ಕೇಳಿದಳು. "ಮುಂಜಾನೆ ನನ್ನ ಕೈಯಾಗಿನ ರೊಟ್ಟಿ ಉಂಡು ಹೋದ್ರು" ಎಂದು ನಿಂಬೆವ್ವ ಹೇಳಿದಳು.

ಅಡಿವೆಪ್ಪ ಗದ್ದ ಮುಟ್ಟಿದ. ಸೆಟೆತ ಇಳಿದು, ಗದ್ದದಲ್ಲಿ ಬಿಟ್ಟಾಗಿತ್ತು. ಕುತ್ತಿಗೆ ಬಿಟ್ಟಿತ್ತು. ಮೊಣಕೈ ಬಿಡುವುದರಲ್ಲಿತ್ತು. ಕಾಲು ಇನ್ನೂ ಬಿಗಿಯಾಗಿದ್ದವು, ನೀವಿ ನೀವಿ ಮಡಚಿದ. ಕಿವಿಯೊಳಗೆ ಜೋಳದ ಹೊಟ್ಟು ಇತ್ತು. ವಿಭೂತಿಯ ಕೆಳಗಿಂದ ಏನೋ ಹುಳಿ ವಾಸನೆ ಬರುತ್ತಿತ್ತು. ಎರಡನ್ನೂ ಅವನು ಗಮನಿಸಿದ. ಒಕ್ಕಲಿಗನ ಕಿವಿಯಲ್ಲಿ ಹೊಟ್ಟು ಇರದೆ ಮತ್ತೇನಿರುತ್ತದೆ ಎಂದುಕೊಂಡ. ಕೂಡಿಸಿ ಮುಗಿಸಿ ಕೈ ತೊಳೆದುಕೊಂಡ. ಮಣ್ಣು ಕೊಡಬಹುದೇನು ಎಂದು ಊರಗೌಡ ಕೇಳಿದ.

ಅಡಿವೆಪ್ಪ ಹೇಳಿದ: "ಈತ ಇವತ್ತಿನ ಹೊತ್ತು ಕಂಡಾಂವಲ್ಲ. ನಿನ್ನೆ ಸಂಜಿಗೇ ಹೋಗ್ಯಾನ."

ಎಲ್ಲರ ಮುಖ ಕಂಬದ ಕಡೆ ತಿರುಗಿತು. ನಿಂಬೆವ್ವನ ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಸೆರಗನ್ನು ಮೆಲ್ಲಗೆ ಎಳೆದುಕೊಂಡು ಅರ್ಧ ಮೊಳ ಸರಿದು ಕೂತಳು. ಅವಳನ್ನು ನೋಡಿ ಅವಳಾಚೆಯವಳೂ ಸರಿದಳು. ಎಷ್ಟೋ ವರ್ಷ ಆದ ಮೇಲೂ ಆ ಊರಿನ ಹೆಂಗಸರು ಹೇಳುತ್ತಿದ್ದುದು ಅದನ್ನೇ: ಅಷ್ಟು ಜನರಿದ್ದ ಪಡಸಾಲೆಯಲ್ಲಿ ನೋಡನೋಡುತ್ತಿದ್ದಂತೆ ಅವಳ ಸುತ್ತ ನೆಲ ಕಾಣಿಸತೊಡಗಿತು ಎಂದು. ನಿಂಬೆವ್ವ ತನ್ನ ಮಾತನ್ನು ಮತ್ತೆ ಹೇಳಿದಳು. ಅದೇ ಮಾತು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಯಿಪಾಠ ಮಾಡಿದ್ದಾಳೆ ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ಮಲಕಾಜಪ್ಪ ಬಾಗಿಲ ಬಳಿ ನಿಂತಿದ್ದ. ಅವನು ಏನೂ ಹೇಳಲಿಲ್ಲ.

ರಾತ್ರಿಯ ಊಟದಲ್ಲಿ ಏನೋ ಬೆರೆಸಿದಳು, ಕತ್ತಲಲ್ಲಿ ಎಳೆದು ಬನ್ನಿಗಿಡದ ಬುಡಕ್ಕೆ ಹಾಕಿ ಬಂದಳು ಎಂದು ಮರುದಿನ ಮುಂಜಾನೆಯ ಹೊತ್ತಿಗೆ ಊರೆಲ್ಲ ಹೇಳುತ್ತಿತ್ತು. ನೋಡಿದವರಿರಲಿಲ್ಲ. ನೋಡಿದವರು ಬೇಕೂ ಇರಲಿಲ್ಲ, ಅಡಿವೆಪ್ಪನ ಕೈ ಹೇಳಿತ್ತು. ನಿಂಬೆವ್ವನಿಗೆ ಗಂಡನ ಕುಣಿಗೆ ಮಣ್ಣು ಕೊಡಗೊಡಲಿಲ್ಲ. ಮೂರನೆಯ ದಿನ ಚಾವಡಿಯಲ್ಲಿ ಹಿರಿಯರು ಕೂತು, ಅವಳು ಊರು ಬಿಡಬೇಕು, ಮಗು ದೊಡ್ಡಪ್ಪನ ಮನೆಯಲ್ಲಿ ಬೆಳೆಯಬೇಕು ಎಂದು ತೀರ್ಮಾನ ಮಾಡಿದರು. ಮಗುವಿನ ಹೆಸರು ಗೌರವ್ವ. ಹಳ್ಳ ದಾಟುವ ತನಕ ಅದರ ಅಳು ನಿಂಬೆವ್ವನಿಗೆ ಕೇಳಿಸುತ್ತಿತ್ತು. ಹಳ್ಳ ದಾಟಿದ ಮೇಲೂ ಕೇಳಿಸಿತು ಎಂದು ಹೇಳುತ್ತಾರೆ. ಅವಳು ನಾಲ್ಕು ಹರಿದಾರಿ ದೂರದ ಒಂದು ಊರಿನಲ್ಲಿ ಹತ್ತಿ ಬಿಡಿಸುವ ಕೂಲಿಗೆ ನಿಂತಳು. ಅಲ್ಲಿಯೂ ಸುದ್ದಿ ಅವಳಿಗಿಂತ ಮೊದಲೇ ಹೋಗಿತ್ತು. ಅವಳು ತುಂಬಿದ ಕೊಡದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ.

ಹೀಗೆ ಮೂರು ವರ್ಷ ಹೋಯಿತು. ಆ ಮೂರು ವರ್ಷ ಅಡಿವೆಪ್ಪ ಚೆನ್ನಾಗಿ ನಿದ್ದೆ ಮಾಡಿದ.

ಮೂರನೆಯ ವರ್ಷದ ಆಷಾಢದಲ್ಲಿ ಕೊಡೇನಾಳ ಎಂಬ ಊರಿನಿಂದ ಅವನಿಗೆ ಕರೆ ಬಂತು. ಹಗೇವಿಗೆ ಇಳಿದವನೊಬ್ಬ ಸತ್ತಿದ್ದ. ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ದೊಡ್ಡ ಗಡಿಗೆಯ ಹಾಗೆ ಅಗಲ. ಜೋಳ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಸದ್ದಿಲ್ಲ. ಅದಕ್ಕೇ ಬಾಯಿ ತೆರೆದವನು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿಯುತ್ತ ಮೇಲೆ ಬಂದರೆ ಮನುಷ್ಯ ಇಳಿಯಬಹುದು. ದೀಪ ಆರಿದರೆ ಬಾಯಿಯ ಹತ್ತಿರವೂ ನಿಲ್ಲಬಾರದು. ಕೊಡೇನಾಳದವರು ದೀಪ ಬಿಟ್ಟಿದ್ದರು. ದೀಪ ಉರಿದಿತ್ತು. ಆದರೆ ಇಳಿದವನು ಜೋಳ ಕೆದಕಿದಾಗ ಅಡಿಯಲ್ಲಿದ್ದ ಗಾಳಿ ಎದ್ದಿತು. ಹತ್ತು ಜನರ ಕಣ್ಣಮುಂದೆ ಅವನು ಮೊಣಕಾಲೂರಿ ಕೂತ, ಆಮೇಲೆ ಒರಗಿದ. ಎತ್ತಲು ಇಳಿದ ಇನ್ನಿಬ್ಬರು ಹೇಗೋ ಉಳಿದರು. ಅನಂತರ ಗಾಳಿ ತಿಳಿಯಾಗುವ ತನಕ ಯಾರೂ ಇಳಿಯಲಿಲ್ಲ. ಮುಂಜಾನೆ ಬಿದ್ದವನನ್ನು ಸಂಜೆಗೆ ತೆಗೆದರು.

ಇದಾವುದನ್ನೂ ಅಡಿವೆಪ್ಪ ಕೇಳಲಿಲ್ಲ. ಸೀದಾ ಹೋಗಿ ಗದ್ದ ಮುಟ್ಟಿದ. ಗದ್ದ ಬಿಟ್ಟಿತ್ತು. ಕುತ್ತಿಗೆ ಬಿಟ್ಟಿತ್ತು. ಮೊಣಕೈ ಬಿಡುವುದರಲ್ಲಿತ್ತು.

"ಈತ ಇವತ್ತಿನ ಹೊತ್ತು ಕಂಡಾಂವಲ್ಲ" ಎಂದು ಅವನು ಶುರುಮಾಡಿದ.

ಸತ್ತವನ ತಾಯಿ ತಲೆಯೆತ್ತಿ ನೋಡಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಅರ್ಥವಾಗಿರಲಿಲ್ಲ ಅಷ್ಟೇ. "ಏನಂದಿ ತಮ್ಮಾ? ಇವತ್ತ ಮುಂಜಾನೆ ನಾನ ಅವನ ನೆತ್ತಿಗಿ ಎಣ್ಣಿ ಹಚ್ಚೀನಿ" ಎಂದಳು. ಹತ್ತು ಜನ ಹೌದೆಂದರು. ಹೊತ್ತು ಹುಟ್ಟಿದ ಮೇಲೆ ಇಳಿದ, ನಾವು ನೋಡಿದ್ದೇವೆ ಎಂದರು.

ಅಡಿವೆಪ್ಪ ಕೈ ತೆಗೆಯಲಿಲ್ಲ. ಗದ್ದದ ಮೇಲಿದ್ದ ಕೈ ಹಾಗೆಯೇ ಇತ್ತು. ಅವನು ಅಂದು ಮೊದಲ ಸಲ ಬದುಕಿದವರನ್ನು ಕೇಳಿದ. ಎಲ್ಲಿ ಬಿದ್ದಿದ್ದ, ಎಷ್ಟು ಹೊತ್ತು ಇದ್ದ, ಯಾರು ಎತ್ತಿದರು ಎಂದು ಕೇಳಿದ. ಆಮೇಲೆ ಎದ್ದು ಹಗೇವಿನ ಹತ್ತಿರ ಹೋದ. ಮಳೆನೀರು ಇಳಿದ ಜೋಳವನ್ನು ಮೇಲೆ ತೆಗೆದು ರಾಶಿ ಹಾಕಿದ್ದರು. ಅವನು ರಾಶಿಯೊಳಗೆ ಕೈಯಿಟ್ಟ. ಅದು ಜ್ವರ ಬಂದವರ ಮೈಯ ಹಾಗೆ ಕಾದಿತ್ತು. ಆ ಕಾವಿನಲ್ಲಿ ಹಗಲೆಲ್ಲ ಬಿದ್ದ ಮೈಯಲ್ಲಿ ಸೆಟೆತ ಬೇಗ ಬಂದು ಬೇಗ ಹೋಗಿತ್ತು. ಒಂದು ರಾತ್ರಿ ಒಂದು ಹಗಲು ಮಾಡುವ ಕೆಲಸವನ್ನು ಅದು ಒಂದೇ ಹಗಲಿನಲ್ಲಿ ಮಾಡಿತ್ತು. ಕೈ ಹೊರಗೆ ತೆಗೆದು ಮೂಸಿದ. ಹುಳಿ ವಾಸನೆ.

ಅವನು ಅಲ್ಲಿಯೇ ರಾಶಿಯ ಪಕ್ಕದಲ್ಲಿ ಕೂತುಬಿಟ್ಟ. ಎಷ್ಟು ಕರೆದರೂ ಏಳಲಿಲ್ಲ. ಆ ಹೆಣವನ್ನು ಮನೆಯವರೇ ಹೇಗೋ ಕೂಡಿಸಿಕೊಂಡರು.

ಆಮೇಲೆ ಮೂರು ದಿನ ಅವನು ತನ್ನ ಗುಡಿಸಲಿನ ಬಾಗಿಲು ತೆರೆಯಲಿಲ್ಲ. ನೋಡಿ, ಅವನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಂಬೆವ್ವನ ಮಾತನ್ನು ಊರು ಮರೆತಿತ್ತು. ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಈ ಕೈ ಒಮ್ಮೆ ತಪ್ಪಿದ್ದರೆ ಇನ್ನೆಷ್ಟು ಸಲ ತಪ್ಪಿದೆ ಎಂದು ಹದಿನಾಲ್ಕು ಊರು ಕೇಳುತ್ತದೆ. ಬಾವಿಯ ಮನೆಯವರು ಕೇಳುತ್ತಾರೆ. ಊರು ಬಿಟ್ಟವರ ಮಕ್ಕಳು ಕೇಳುತ್ತಾರೆ. ಎಲ್ಲರನ್ನೂ ಅಂಜಿಸಿದವನು ಆ ಮೂರು ದಿನ ಅಂಜಿಕೊಂಡು ಕೂತ. ತನ್ನ ಎರಡು ಕೈಗಳನ್ನೇ ನೋಡುತ್ತ ಕೂತ.

ನಾಲ್ಕನೆಯ ದಿನ ಮುಂಜಾನೆ ಮುದಿನಾಳಕ್ಕೆ ನಡೆದ.

ಊರ ಬಾವಿಯ ಹತ್ತಿರ ನೀರು ಕೇಳಿದ. ದೂರದಿಂದಲೇ ಬೊಗಸೆಗೆ ಸುರಿದ ಹೆಂಗಸು, ಯಾರ ಮನೆಗೆ, ಯಾರು ಹೋದರು ಎಂದು ಕೇಳಿದಳು. ಯಾರೂ ಹೋಗಿಲ್ಲ ಎಂದ. ಮಲಕಾಜಪ್ಪನ ಹಗೇವು ಎಲ್ಲಿದೆ ಎಂದ. ಹೆಂಗಸು ನಕ್ಕಳು. "ಕಣದಾಗ ಐತಿ, ಬನ್ನಿಗಿಡದ ಮಗ್ಗಲಿಗೆ. ಮೂರು ವರ್ಷ ಆತು, ಬಾಯಿ ತಗದಿಲ್ಲ. ಹಗೇವ ತುಂಬ ಜ್ವಾಳ ಇಟಗೊಂಡು ಸಂತಿ ಜ್ವಾಳ ತರತಾನ. ಅದಕ್ಕೂ ಮುಪ್ಪು ಬರಲಿ ಅಂತ ಬಿಟ್ಟಾನೋ ಏನೋ" ಎಂದಳು.

ಅಡಿವೆಪ್ಪ ನೀರು ಪೂರ್ತಿ ಕುಡಿಯಲಿಲ್ಲ.

ಚಾವಡಿಗೆ ಹೋಗಿ ಗೌಡನಿಗೆ ಕೈಮುಗಿದ. ಜನ ಕೂಡುವ ತನಕ ಕಾದ. ಮಲಕಾಜಪ್ಪನೂ ಬಂದ. ಆಗ ಹೇಳಿದ: "ಈರಸಂಗಪ್ಪನ ಹೊತ್ತು ನಾ ತಪ್ಪಿ ಹೇಳೀನಿ. ಆ ಹೆಣ್ಮಗಳ ಮಾತು ಖರೆ ಇತ್ತು." ಕೊಡೇನಾಳದಲ್ಲಿ ಕಂಡದ್ದನ್ನು, ಗದ್ದ, ಕುತ್ತಿಗೆ, ಮೊಣಕೈ, ಕಾದ ಜೋಳ, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಕಿವಿಯ ಹೊಟ್ಟು ಹೇಳಿದ. ಹುಳಿ ವಾಸನೆ ಹೇಳಿದ. ಈರಸಂಗಪ್ಪ ಸತ್ತದ್ದು ಬಯಲಿನಲ್ಲಲ್ಲ, ಹಗೇವಿನಲ್ಲಿ ಎಂದ. ಯಾರ ಹಗೇವು ಎಂದು ಅವನು ಹೇಳಲಿಲ್ಲ. ಊರಲ್ಲಿ ಮೂರು ವರ್ಷದಿಂದ ಮುಚ್ಚಿದ್ದ ಹಗೇವು ಒಂದೇ ಇತ್ತು.

ಮಲಕಾಜಪ್ಪ, ಹೆಣಗಳ ಜೊತೆ ಇದ್ದು ಇದ್ದು ಇವನ ತಲೆ ಕೆಟ್ಟಿದೆ ಎಂದ. ಅಂದು ಒಂದು ಹೇಳಿದ, ಇಂದು ಇನ್ನೊಂದು ಹೇಳುತ್ತಾನೆ, ನಾಳೆ ಮತ್ತೊಂದು ಹೇಳುತ್ತಾನೆ ಎಂದ. ಜನ ತಲೆದೂಗಿದರು. ಅದು ಸುಳ್ಳಾಗಿರಲಿಲ್ಲ. ಅಡಿವೆಪ್ಪ ಹಗೇವಿನ ಬಾಯಿ ತೆರೆಸಬೇಕು ಎಂದಷ್ಟೇ ಗೌಡನಲ್ಲಿ ಬೇಡಿಕೊಂಡ. ಗೌಡ ಎದ್ದ. ಊರೆಲ್ಲ ಕಣಕ್ಕೆ ನಡೆಯಿತು.

ನಡುಹಗಲು. ಮಣ್ಣು ಕೆರೆದು ಚಪ್ಪಡಿ ಎತ್ತಿದರು. ಬಾಯಿ ಕಪ್ಪಗೆ ಕಾಣಿಸಿತು. ಯಾರೂ ಹತ್ತಿರ ಹೋಗಲಿಲ್ಲ. ಅಡಿವೆಪ್ಪನೇ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ. ಒಂದು ಆಳುದ್ದ ಇಳಿಯುವುದರೊಳಗೆ ದೀಪ ಆರಿತು. ಗಾಳಿಗೆ ಆರುವ ದೀಪ ಹೊಯ್ದಾಡುತ್ತದೆ. ಇದು ಹೊಯ್ದಾಡಲಿಲ್ಲ. ಯಾರೋ ಬೆರಳಿನಿಂದ ಹಿಸುಕಿದ ಹಾಗೆ ನಿಂತಿತು. ಎರಡನೆಯ ದೀಪ ಬಿಟ್ಟ. ಅದೂ ಅಲ್ಲಿಯೇ ನಿಂತಿತು. ಮೂರನೆಯದು ಬಿಟ್ಟ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು.

ಅಡಿವೆಪ್ಪ ತಲೆಯ ರುಮಾಲು ಬಿಚ್ಚಿ ಕೆಳಗಿಟ್ಟ. ಇಳಿದು ನೋಡುತ್ತೇನೆ ಎಂದ. ಗೌಡ ಬೇಡವೆಂದ. ಅಡಿವೆಪ್ಪ ಬಾಯಿಯ ಅಂಚಿನಲ್ಲಿ ಕೂತು ಎರಡೂ ಕಾಲು ಒಳಗೆ ಬಿಟ್ಟ. ಅವನು ನಿಜವಾಗಿ ಇಳಿಯುತ್ತಿದ್ದನೋ, ಅಂಜಿಸಲು ಹಾಗೆ ಮಾಡಿದನೋ ಎಂದು ಇಂದಿಗೂ ಎರಡು ಮಾತಿದೆ. ಅವನು ಯಾವತ್ತೂ ಹೇಳಲಿಲ್ಲ. ಅಷ್ಟರಲ್ಲಿ ಮಲಕಾಜಪ್ಪ ಓಡಿಬಂದು ಅವನ ತೋಳು ಹಿಡಿದುಕೊಂಡ.

"ಇಳಿಬ್ಯಾಡೋ" ಎಂದ. "ಅವನೂ ಹಿಂಗ ಇಳದ."

ಆಮೇಲೆ ಅವನೇ ಎಲ್ಲ ಹೇಳಿದ. ಮಳೆನೀರು ಹಗೇವಿಗೆ ಇಳಿದಿದೆಯೇನೋ ಎಂದು ಅವಸರವಾಗಿತ್ತು. ತಮ್ಮನನ್ನು ಕಣಕ್ಕೆ ಬರಹೇಳಿದ್ದ, ಅವನು ಬಂದ ಮೇಲೆ ಬಾಯಿ ತೆರೆದ. ದೀಪ ತಂದಿರಲಿಲ್ಲ. ಮನೆಗೆ ಹೋಗಿ ದೀಪ ತರುತ್ತೇನೆ ಎಂದು ತಮ್ಮ ಎರಡು ಹೆಜ್ಜೆ ಹೋಗಿಯೂ ಹೋಗಿದ್ದ. "ಹೆಂಡತಿ ಸೆರಗಿನ್ಯಾಗ ಇದ್ದು ಇದ್ದು ಅಂಜಬುರಕ ಆಗೀ ನೋಡು" ಎಂದು ಅಣ್ಣ ನಕ್ಕ. ತಮ್ಮ ತಿರುಗಿ ಬಂದು ಇಳಿದ. ಒಂದು ಸಲ ಅಣ್ಣಾ ಎಂದ. ಎರಡನೆಯ ಸಲ ಅನ್ನಲಿಲ್ಲ. ಮಲಕಾಜಪ್ಪ ಬಾಯಿಯ ಹತ್ತಿರ ಕೂತ. ಕೂಗಿದರೆ ಜನ ಬರುತ್ತಾರೆ, ದೀಪ ಎಲ್ಲಿ ಎಂದು ಕೇಳುತ್ತಾರೆ. ಆ ನಾಡಿನಲ್ಲಿ ದೀಪ ಬಿಡದೆ ಮನುಷ್ಯನನ್ನು ಇಳಿಸಿದವನಿಗೆ ಕೊಂದವನೆಂದೇ ಹೆಸರು. ಅವನು ಕೂಗಲಿಲ್ಲ. ಬೇವಿನ ಟೊಂಗೆ ಬೀಸಿ ಬೀಸಿ ಗಾಳಿ ಆಡಿಸುತ್ತ ಸಂಜೆಯ ತನಕ ಕೂತ. ಗಾಳಿ ತಿಳಿಯಾದ ಮೇಲೆ ಉಸಿರು ಕಟ್ಟಿ ಇಳಿದು, ಹಗ್ಗ ಬಿಗಿದು, ಎತ್ತು ಹೂಡಿ ಎಳೆದ. ಬನ್ನಿಗಿಡದ ಬುಡದಲ್ಲಿ ಬಿದ್ದಿದ್ದ ಎಂದು ಸುಳ್ಳು ಹೇಳಿದ. ನೀರು ಹಾಕಿದರೆ ಜೋಳದ ಧೂಳು ಹೋಗುತ್ತದೆ ಎಂದು ಮೊದಲು ನೀರು ಹಾಕಿಸಿದ. ನಿಂಬೆವ್ವನ ಮೇಲೆ ಹಾಕಬೇಕೆಂದು ಅವನ ಮನಸ್ಸಿನಲ್ಲಿ ಇರಲಿಲ್ಲ. ಅಡಿವೆಪ್ಪನ ಬಾಯಿಂದ ಆ ಮಾತು ಬಂದಾಗ ಅವನು ಬಾಗಿಲಲ್ಲಿ ನಿಂತಿದ್ದ. ಆಗ ಬಾಯಿ ತೆರೆದಿದ್ದರೆ ಸಾಕಿತ್ತು.

ಜನ ಮಲಕಾಜಪ್ಪನ ಮೇಲೆ ಏರಿಹೋದರು. ಗೌಡ ತಡೆದ. ಅಡಿವೆಪ್ಪ ಹೇಳಿದನಂತೆ: "ಅವಂದು ಒಂದು ಸುಳ್ಳು. ಅದನ್ನ ಹೆಣ್ಮಗಳ ಕೊರಳಿಗಿ ಕಟ್ಟಿದಾಂವ ನಾನು."

ನಿಂಬೆವ್ವನನ್ನು ಕರೆತರಲು ಗೌಡ ಆಳು ಕಳಿಸುತ್ತೇನೆಂದ. ಅಡಿವೆಪ್ಪ ತಾನೇ ಹೋದ. ನಾಲ್ಕು ಹರಿದಾರಿ ನಡೆದು ಹೋಗುವಾಗ ದಾರಿಯಲ್ಲಿ ಮೂರು ಸಲ ಕೂತನೆಂದು ಹೇಳುತ್ತಾರೆ. ಅವಳು ಹತ್ತಿಯ ರಾಶಿಯ ಮುಂದೆ ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು. ಯಾರು ಸತ್ತರು, ನನ್ನ ಮಗಳೇ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನಿಗದು ಅರ್ಥವಾಗಿ, ಗೌರವ್ವ ಚೆನ್ನಾಗಿದ್ದಾಳೆ ಎಂದು ಮೊದಲು ಹೇಳಿದ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಒಂದು ಮಾತು ಕೇಳಿದಳು.

"ಒಳಗ ಬಿದ್ದ ಮ್ಯಾಲೆ ಎಷ್ಟೊತ್ತು ಜೀವ ಇತ್ತು?"

ಹದಿನಾಲ್ಕು ಊರಿಗೆ ಹೊತ್ತು ಹೇಳಿದವನು ತಲೆ ತಗ್ಗಿಸಿದ. "ನನಗ ಗೊತ್ತಿಲ್ಲ ಯವ್ವಾ" ಎಂದ.

ಅವಳು ಮುದಿನಾಳಕ್ಕೆ ಬಂದಳು. ಮೂರು ವರ್ಷದ ಹಿಂದೆ ಮುಚ್ಚಿದ ಕುಣಿಯ ಮೇಲೆ ಹುಲ್ಲು ಬೆಳೆದಿತ್ತು. ಹುಲ್ಲು ಸರಿಸಿ ಒಂದು ಮುಷ್ಟಿ ಮಣ್ಣು ಕೊಟ್ಟಳು. ಊರೆಲ್ಲ ಹಿಂದೆ ನಿಂತಿತ್ತು. ಗೌರವ್ವನಿಗೆ ಆಗ ಐದು ವರ್ಷ. ತಾಯಿ ಕೈ ಚಾಚಿದಾಗ ಅವಳು ದೊಡ್ಡವ್ವನ ಹಿಂದೆ ಅಡಗಿಕೊಂಡಳು. ಗಂಡನನ್ನು ಕೊಂದವಳು ಎಂದರೆ ಈಕೆಯೇ ಏನು ಎಂದು ಮೆಲ್ಲಗೆ ಕೇಳಿದಳು. ಮಕ್ಕಳಿಗೆ ಊರು ಹೇಳಿಕೊಟ್ಟದ್ದು ಅದನ್ನೇ ಅಲ್ಲವೇ. ತಾಯಿಯ ಕೈಯಿಂದ ಅವಳು ಮೊದಲ ತುತ್ತು ಉಣ್ಣಲು ನಲವತ್ತು ದಿನ ಹಿಡಿಯಿತು. ನಿಂಬೆವ್ವ ಪ್ರತಿದಿನ ರೊಟ್ಟಿ ಬಡಿದು, ಮಗಳ ಮುಂದಿಟ್ಟು, ತಾನೇ ಮೊದಲು ಮುರಿದು ತಿಂದು ತೋರಿಸುತ್ತಿದ್ದಳು.

ಮಲಕಾಜಪ್ಪ ಸಾಯುವ ತನಕ ಯಾರ ಜೊತೆಯೂ ಮಾತಾಡಲಿಲ್ಲ. ಅವನ ಜೊತೆಯೂ ಯಾರೂ ಆಡಲಿಲ್ಲ.

ಅಡಿವೆಪ್ಪನ ಗುಡಿಸಲಿಗೆ ಜನ ಬಂದರು. ಅವನು ಅಂಜಿದ್ದ ಹಾಗೆಯೇ ಬಂದರು. ನಮ್ಮಪ್ಪನದು ಸರಿಯೇ, ನಮ್ಮಕ್ಕನದು ಸರಿಯೇ ಎಂದು ಕೇಳಿದರು. ಸರಿ ಎನಿಸಿದ್ದನ್ನು ಸರಿ ಎಂದ, ಸಂಶಯ ಬಂದದ್ದನ್ನು ಸಂಶಯ ಎಂದ. ಎರಡು ಸಲ ಕಲ್ಲು ಬಿದ್ದವು. ಒಂದು ಕಲ್ಲಿಗೆ ಎಡಗಣ್ಣು ಹೋಯಿತು. ಆದರೂ ಸತ್ತವರನ್ನು ಕೂಡಿಸುವುದು ಬಿಡಲಿಲ್ಲ. ಒಂದು ವ್ಯತ್ಯಾಸವಿತ್ತು. ಈಗ ಅವನು ಹೊಸ್ತಿಲಲ್ಲಿ ನಿಂತು ಮೊದಲು ಬದುಕಿದವರನ್ನು ಕೇಳುತ್ತಿದ್ದ. ಅವರು ಹೇಳುವುದನ್ನು ಪೂರ್ತಿ ಕೇಳಿದ ಮೇಲೆಯೇ ಗದ್ದ ಮುಟ್ಟುತ್ತಿದ್ದ. ನೀರು ಹಾಕಿದ ಹೆಣವಾದರೆ ಹೊತ್ತಿನ ಮಾತೇ ಎತ್ತುತ್ತಿರಲಿಲ್ಲ.

ಕಡೆಗೆ ಮುದಿನಾಳದ ಹಳ್ಳದ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಅವನು ಸತ್ತದ್ದು ಸುಗ್ಗಿಯಲ್ಲಿ. ಊರವರೆಲ್ಲ ಹೊಲದಲ್ಲಿದ್ದರು. ರೊಟ್ಟಿ ಕೊಡಲು ಹೋದ ನಿಂಬೆವ್ವ ಮೊದಲು ನೋಡಿದಳು. ಅವನಿಗೆ ರೊಟ್ಟಿ ಕೊಡುವುದನ್ನು ಅವಳು ಯಾವಾಗ ಶುರುಮಾಡಿದಳು, ಏಕೆ ಶುರುಮಾಡಿದಳು ಎಂದು ಯಾರೂ ಕೇಳಿರಲಿಲ್ಲ. ಜನ ಬಂದು, ಯಾವಾಗ ಹೋಗಿರಬಹುದು ಎಂದು ಅವಳನ್ನು ಕೇಳಿದರು. ನಿನ್ನೆ ಹೊತ್ತು ಮುಳುಗುವಾಗ ರೊಟ್ಟಿ ಕೊಟ್ಟಾಗ ಇದ್ದರು, ಈಗ ಇಲ್ಲ, ನಡುವೆ ನೋಡಿದವರಿಲ್ಲ ಎಂದಳು. ಅಷ್ಟನ್ನೇ ಹೇಳಿದಳು.

ಇಂದಿಗೂ ಆ ಕಡೆಯ ಊರುಗಳಲ್ಲಿ ಸತ್ತವರಿಗೆ ನೀರು ಹಾಕುವ ಮೊದಲು ಹೊಸ್ತಿಲಲ್ಲಿ ಒಬ್ಬರು ನಿಂತು ಮೂರು ಮಾತು ಕೇಳುತ್ತಾರೆ. ಕಡೆಗೆ ಯಾರು ನೋಡಿದಿರಿ, ಎಲ್ಲಿ ಇದ್ದರು, ಯಾರು ಎತ್ತಿದಿರಿ. ಕಡೆಯ ತುತ್ತು ಕೊಟ್ಟವರು ಮೊದಲು ಹೇಳಬೇಕು. ಅವರು ಹೇಳಿ ಮುಗಿಸುವ ತನಕ ಬೇರೆಯವರು ಬಾಯಿ ತೆರೆಯುವಂತಿಲ್ಲ. ಗೊತ್ತಿಲ್ಲದಿದ್ದರೆ ನೋಡಿದವರಿಲ್ಲ ಎನ್ನುತ್ತಾರೆ, ಊಹಿಸಿ ಹೇಳುವುದಿಲ್ಲ. ಅಡಿವೆಪ್ಪನ ಗದ್ದುಗೆ ಮುದಿನಾಳದ ಹಳ್ಳದ ದಂಡೆಯಲ್ಲಿದೆ. ಸತ್ತದ್ದು ಆ ಎರಡು ದಿನದಲ್ಲಿ ಯಾವ ದಿನವೆಂದು ಗೊತ್ತಿಲ್ಲದ್ದರಿಂದ ಅವನಿಗೆ ವರ್ಷದ ಪೂಜೆ ಇಲ್ಲ. ಯಾರಾದರೂ ಹಗೇವು ತೆರೆದಾಗ, ಇಳಿಬಿಟ್ಟ ದೀಪ ಉರಿಯುತ್ತ ಮೇಲೆ ಬಂದರೆ, ಅದನ್ನು ಆರಗೊಡದೆ ಕೈಮರೆ ಮಾಡಿ ಒಯ್ದು ಆ ಗದ್ದುಗೆಯ ಮೇಲೆ ಇಡುತ್ತಾರೆ.

ಮುದಿನಾಳದಲ್ಲಿ ಈಗ ಎರಡೇ ಹಗೇವು ಉಳಿದಿವೆ, ಗದ್ದುಗೆಗೆ ದೀಪ ಬರುವುದು ಅಪರೂಪ.